ಠಾಣೆಯ ಸ್ಪೀಕರ್ ಗುಂಯ್ ಅನ್ನುತ್ತಿದ್ದರೆ ವಾಲ್ಯೂಮ್ ಮುಟ್ಟಬೇಡಿ

ಬೆಂಗಳೂರಿನ ಒಂದು ಅಗ್ನಿಶಾಮಕ ಠಾಣೆಯಲ್ಲಿ, ಸಿಬ್ಬಂದಿ ಮಲಗುವ ಕೋಣೆಯ ಸ್ಪೀಕರ್‌ಗೆ ದಪ್ಪ ಟವೆಲ್ ಸುತ್ತಿದ್ದನ್ನು ನಾನು ನೋಡಿದ್ದೇನೆ. ಯಾವ ಠಾಣೆ ಅನ್ನೋದು ಬೇಡ. ಸುತ್ತಿದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ರಾತ್ರಿಯಿಡೀ ತಲೆಯ ಮೇಲೆ 'ಸ್ಸ್... ಗುಂಯ್... ಸ್ಸ್...' ಅಂತ ಸದ್ದು ಬರುತ್ತಿದ್ದರೆ ಯಾರಿಗೆ ತಾನೇ ನಿದ್ದೆ ಹತ್ತುತ್ತದೆ? ಆದರೆ ಬೆಂಕಿಯ ಕರೆಯೂ ಅದೇ ಸ್ಪೀಕರ್‌ನಿಂದ ಬರಬೇಕು. ಸದ್ದಿಗೆ ಟವೆಲ್ ಸುತ್ತಿದರೆ ಕರೆಗೂ ಸುತ್ತಿದ ಹಾಗೆ ಅಲ್ವಾ.

ಸ್ಪೀಕರ್ ಸದ್ದು ಸಣ್ಣ ತೊಂದರೆ ಅಂತ ಎಲ್ಲರೂ ಮುಂದೂಡುತ್ತಾರೆ. 'ಕೆಲಸ ಮಾಡ್ತಾ ಇದೆಯಲ್ಲ, ಇರಲಿ ಬಿಡಿ' ಅನ್ನುತ್ತಾರೆ. ಸದ್ದಿಗಿಂತ, ಅದನ್ನು ತಡೆಯಲಾರದೆ ಜನ ಮಾಡಿಕೊಳ್ಳುವ ಉಪಾಯವೇ ಜಾಸ್ತಿ ಅಪಾಯ. ಒಬ್ಬರು ವಾಲ್ಯೂಮ್ ಇಳಿಸುತ್ತಾರೆ. ಇನ್ನೊಬ್ಬರು ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ರೇಡಿಯೋ ಸದ್ದು ಮುಚ್ಚಿಡುವ ವ್ಯವಸ್ಥೆ) ಪೂರ್ತಿ ಬಿಗಿ ಮಾಡುತ್ತಾರೆ. ಮತ್ತೊಬ್ಬರು ಪ್ಲಗ್‌ನ ಅರ್ತ್ ಪಿನ್ ಕಿತ್ತು ಹಾಕುತ್ತಾರೆ. ಮೂರೂ ಬೇಡ. ಸದ್ದು ಎಲ್ಲಿ ಹುಟ್ಟುತ್ತಿದೆ ಅಂತ ಹುಡುಕಿ ಅಲ್ಲೇ ಸರಿ ಮಾಡಬೇಕು. ಅದು ಹೇಗೆ ಅಂತ ನಾನು ಮಾಡುವ ರೀತಿಯಲ್ಲೇ ಬರೆಯುತ್ತೇನೆ. ರೇಡಿಯೋ, ಪಿಎ ಸಿಸ್ಟಂ (ಮೈಕ್, ಆಂಪ್ಲಿಫೈಯರ್, ಸ್ಪೀಕರ್ ಸೇರಿದ ವ್ಯವಸ್ಥೆ) ರಿಪೇರಿ ಮಾಡುವವರಿಗೂ, ಠಾಣೆಯ ವೈರಿಂಗ್ ನೋಡಿಕೊಳ್ಳುವವರಿಗೂ ಇದು ಕೆಲಸಕ್ಕೆ ಬರುತ್ತದೆ.

ಸ್ಕ್ರೂಡ್ರೈವರ್ ಎತ್ತುವ ಮೊದಲು

101ಕ್ಕೋ 112ಕ್ಕೋ ಯಾರೋ ಗಾಬರಿಯಲ್ಲಿ ಮಾಡಿದ ಕರೆ ಸಿಬ್ಬಂದಿಯ ಕಿವಿಗೆ ಬೀಳುವ ಕೊನೆಯ ಮೆಟ್ಟಿಲು ಈ ಸ್ಪೀಕರ್. ಅದನ್ನು ಐದು ನಿಮಿಷ ಆಫ್ ಮಾಡಬೇಕಾದರೂ ಠಾಣಾಧಿಕಾರಿಗೆ ಹೇಳಿ. ಕಂಟ್ರೋಲ್ ರೂಮಿಗೂ ತಿಳಿಸಿ. ಅದೇ ಚಾನೆಲ್‌ನಲ್ಲಿ ಚಾರ್ಜ್ ತುಂಬಿದ ಒಂದು ವಾಕಿಟಾಕಿ ಇಟ್ಟು, ಒಬ್ಬರನ್ನು ಬರೀ ಅದನ್ನು ಕೇಳುವುದಕ್ಕೆ ಅಂತಲೇ ಕೂರಿಸಿ. 'ನಾನೇ ಕೇಳಿಸ್ಕೊತೀನಿ, ಕೆಲಸ ಮಾಡ್ತಾ ಮಾಡ್ತಾ' ಅಂದುಕೊಳ್ಳಬೇಡಿ. ರ‍್ಯಾಕ್ ಒಳಗೆ ತಲೆ ಹಾಕಿದಾಗ ಏನೂ ಕೇಳಿಸುವುದಿಲ್ಲ.

ಇನ್ನೊಂದು ಮಾತು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು, ಹೋಗಲಿ ಅಂತ ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ ತೆಗೆಯಬೇಡಿ. ಹಾಗೆ ಮಾಡಿದರೆ ಎಷ್ಟೋ ಸಲ ಹಮ್ ನಿಜವಾಗಲೂ ನಿಲ್ಲುತ್ತದೆ, ಅದಕ್ಕೇ ಈ ಚಾಳಿ ಹೋಗುವುದಿಲ್ಲ. ಆದರೆ ಒಳಗೆ ಎಲ್ಲಾದರೂ 230 ವೋಲ್ಟ್ ಲೋಹದ ಹೊರಪೆಟ್ಟಿಗೆಗೆ ತಾಗಿತು ಅಂದರೆ ಇಡೀ ರ‍್ಯಾಕ್, ಮೈಕ್, ಆಂಟೆನಾ ಕೇಬಲ್ ಎಲ್ಲವೂ ಶಾಕ್ ಹೊಡೆಯುತ್ತವೆ. ಬೆಂಕಿ ಆರಿಸಿ ಬಂದ ಒದ್ದೆ ಕೈಯಲ್ಲಿ ಯಾರೋ ಮೈಕ್ ಎತ್ತುತ್ತಾರೆ ಅನ್ನೋದು ನೆನಪಿರಲಿ.

ಸಾಮಾನು ಜಾಸ್ತಿ ಬೇಕಿಲ್ಲ. ಒಂದು ಮಲ್ಟಿಮೀಟರ್, ಚಾರ್ಜ್ ಇರುವ 12 ವೋಲ್ಟ್ ಬ್ಯಾಟರಿ, 600 ಓಮ್‌ನ ಒಂದು ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ವೈರ್ ಮೇಲೆ ಕ್ಲಿಪ್ ಮಾಡುವ ಫೆರೈಟ್ (ರೇಡಿಯೋ ತರಂಗದ ಕಸ ತಡೆಯುವ ಕಪ್ಪು ತುಂಡು) ನಾಲ್ಕೈದು, ಎರಡು ಕಾಲು ಸೇರಿಸಿ ಬೆಸುಗೆ ಹಾಕಿದ ಶಾರ್ಟಿಂಗ್ ಪ್ಲಗ್. ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಇವೆಲ್ಲ ಸಿಗುತ್ತವೆ. ಫೋನಿಗೆ ಯಾವುದಾದರೂ ಒಂದು ಉಚಿತ ಸ್ಪೆಕ್ಟ್ರಮ್ ಆ್ಯಪ್ ಹಾಕಿಕೊಳ್ಳಿ, ಸದ್ದು ಎಷ್ಟು ಹರ್ಟ್ಸ್ ಅಂತ ಅದು ಗೆರೆಯಲ್ಲಿ ತೋರಿಸುತ್ತದೆ. ಬಳಸುವಾಗ ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಫೋನೇ ಒಂದು ಸದ್ದು ಸೇರಿಸಿಬಿಡುತ್ತದೆ. ಅದರ ವಿಷಯ ಮುಂದೆ ಬರುತ್ತದೆ.

ಸಿಗ್ನಲ್ ಹೋಗುವ ದಾರಿ

ಕಾಗದದ ಮೇಲೆ ಒಂದು ಗೆರೆ ಎಳೆದುಕೊಳ್ಳಿ. ಆಂಟೆನಾ, ಅಲ್ಲಿಂದ ಕೇಬಲ್, ವಿಎಚ್‌ಎಫ್ ರೇಡಿಯೋ, ಕೆಲವು ಕಡೆ ಟೋನ್ ಡಿಕೋಡರ್ (ಠಾಣೆಯ ಕರೆಯ ಟೋನ್ ಗುರುತಿಸುವ ಸಾಧನ) ಮತ್ತು ರಿಲೇ (ಕರೆಂಟಿನಿಂದ ಓಡುವ ಸ್ವಿಚ್), ಆಮೇಲೆ ಪಿಎ ಆಂಪ್ಲಿಫೈಯರ್, ಅಲ್ಲಿಂದ 100 ವೋಲ್ಟ್ ಲೈನ್ (ಹಲವು ಸ್ಪೀಕರ್‌ಗಳಿಗೆ ಒಟ್ಟಿಗೆ ಆಡಿಯೋ ಒಯ್ಯುವ ಜೋಡಿ ವೈರ್, ಪ್ರತಿ ಸ್ಪೀಕರ್‌ಗೂ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್), ಕೊನೆಗೆ ಕೋಣೆಗಳ ಸ್ಪೀಕರ್ ಮತ್ತು ಅಂಗಳದ ಹಾರ್ನ್. ಸದ್ದು ಈ ಗೆರೆಯಲ್ಲಿ ಎಲ್ಲಿ ಬೇಕಾದರೂ ಒಳಗೆ ನುಗ್ಗಬಹುದು. ನಮ್ಮ ಕೆಲಸ ಅದು ಎಲ್ಲಿ ನುಗ್ಗುತ್ತಿದೆ ಅಂತ ಗೊತ್ತು ಮಾಡಿಕೊಳ್ಳುವುದು, ಅಷ್ಟೇ. ಅದು ಗೊತ್ತಾಗುವ ಮುಂಚೆ ಯಾವ ಪಾರ್ಟ್ ಕೂಡ ಬದಲಾಯಿಸಬೇಡಿ.

ಅಮೆರಿಕದವರು ಬರೆದ ಗೈಡ್ ಓದುವಾಗ ಮೂರು ವಿಷಯ ತಲೆಯಲ್ಲಿರಲಿ. ಅಲ್ಲಿ ಕರೆಂಟ್ 60 ಹರ್ಟ್ಸ್, ಹಾಗಾಗಿ ಅವರು 60 ಮತ್ತು 120 ಅಂತ ಬರೆದಿದ್ದನ್ನು ನಾವು 50 ಮತ್ತು 100 ಅಂತ ಓದಿಕೊಳ್ಳಬೇಕು. ಅವರ ಸ್ಪೀಕರ್ ಲೈನ್ ಸಾಮಾನ್ಯವಾಗಿ 70 ವೋಲ್ಟ್, ನಮ್ಮದು 100. ಅಲ್ಲಿ ಬಹಳ ಠಾಣೆಗಳಲ್ಲಿ ಎರಡು ಟೋನ್ ಪದ್ಧತಿ ಇದೆ. ಮೊದಲ ಟೋನ್ ಸುಮಾರು 1 ಸೆಕೆಂಡ್, ಎರಡನೆಯದು 3 ಸೆಕೆಂಡ್. ಆ ಜೋಡಿ ಸರಿಯಾಗಿ ಬಂದರೆ ಮಾತ್ರ ಆ ಠಾಣೆಯ ಸ್ಪೀಕರ್ ತೆರೆದುಕೊಳ್ಳುತ್ತದೆ. ಡಿಕೋಡರ್ ಇಲ್ಲದ ಕಡೆ ರೇಡಿಯೋ ದಿನವಿಡೀ ನೇರವಾಗಿ ಆಂಪ್ಲಿಫೈಯರ್‌ಗೆ ಹೋಗಿರುತ್ತದೆ. ಅಲ್ಲಿ ಸದ್ದಿನ ಕಾಟ ಜಾಸ್ತಿ.

ಮೊದಲು ಸುಮ್ನೆ ಕೂತು ಕೇಳಿ

ನಾನು ಹೋದ ಕೂಡಲೇ ಏನನ್ನೂ ಬಿಚ್ಚುವುದಿಲ್ಲ. ಹತ್ತು ಹದಿನೈದು ನಿಮಿಷ ಕೂತು ಕೇಳುತ್ತೇನೆ. ಸಿಬ್ಬಂದಿಯನ್ನೂ ಕೇಳುತ್ತೇನೆ. ಯಾವಾಗ ಬರುತ್ತದೆ, ಮಳೆ ಬಂದಾಗಲಾ, ರಾತ್ರಿ ಮಾತ್ರವಾ, ಯಾರಾದರೂ ಮಾತಾಡುವಾಗಲಾ, ಗಾಡಿಯ ಬ್ಯಾಟರಿ ಚಾರ್ಜರ್ ಹಾಕಿದಾಗಲಾ. ಅವರಿಗೆ ವೈರ್ ಗೊತ್ತಿಲ್ಲದಿರಬಹುದು, ಸದ್ದು ಚೆನ್ನಾಗಿ ಗೊತ್ತು.

ತಗ್ಗು ದನಿಯಲ್ಲಿ, ಒಂದೇ ಸಮನೆ 'ಮ್ಮ್ಮ್' ಅನ್ನುವುದು 50 ಹರ್ಟ್ಸ್. ಅದು ಸಾಮಾನ್ಯವಾಗಿ ಅರ್ತ್ ಲೂಪ್ (ಎರಡು ಅರ್ತ್‌ಗಳ ಮಧ್ಯೆ ಕೇಬಲ್ ಮೂಲಕ ಹರಿಯುವ ಕರೆಂಟ್, ಮುಂದೆ ಬರುತ್ತದೆ) ಅಥವಾ ಕರೆಂಟ್ ವೈರ್ ಪಕ್ಕ ಓಡುವ ಆಡಿಯೋ ಕೇಬಲ್. ಸ್ವಲ್ಪ ಒರಟಾಗಿ, 'ಝ್ಝ್ಝ್' ಅಂದರೆ 100 ಹರ್ಟ್ಸ್ ಮತ್ತು ಅದರ ಮೇಲಿನವು. ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು. ಮರಳು ಸುರಿದ ಹಾಗೆ 'ಸ್ಸ್ಸ್' ಅಂದರೆ ಸ್ಕ್ವೆಲ್ಚ್ ಅಥವಾ ಲೆವೆಲ್ (ಸಿಗ್ನಲ್ ಎಷ್ಟು ಜೋರು ಅನ್ನೋದು) ತೊಂದರೆ. 'ಚರಚರ' ಅಂದರೆ ಎಲ್ಲೋ ಸಡಿಲ ಜಾಯಿಂಟ್, ತುಕ್ಕು, ಅಥವಾ ನೀರು. 'ಟಿಕ್ ಟಿಕಿಟಿಕ್ ಟಿಕಿಟಿಕ್' ಅಂದರೆ ಪಕ್ಕದಲ್ಲಿ ಮೊಬೈಲ್ ಇದೆ. ಕರೆ ಮುಗಿದಾಗ 'ಢಬ್' ಅಂದರೆ ರಿಲೇ. ಮಾತೇ ಒಡೆದು ಕರ್‌ಕರ್ ಅಂದರೆ ಲೆವೆಲ್ ಜಾಸ್ತಿ ಆಗಿದೆ ಅಥವಾ ಸ್ಪೀಕರ್ ಹೊರೆ ಜಾಸ್ತಿ ಆಗಿದೆ.

ದಾರಿಯನ್ನು ಮಧ್ಯಕ್ಕೆ ಕತ್ತರಿಸಿ

ಆಂಪ್ಲಿಫೈಯರ್‌ನ ಇನ್‌ಪುಟ್ ಬಿಚ್ಚಿ, ಅಲ್ಲಿ ಶಾರ್ಟಿಂಗ್ ಪ್ಲಗ್ ಹಾಕಿ. ವಾಲ್ಯೂಮ್ ಇದ್ದ ಹಾಗೇ ಇರಲಿ. ಸದ್ದು ನಿಂತಿತೇ? ಹಾಗಾದರೆ ತೊಂದರೆ ಅದಕ್ಕಿಂತ ಮುಂಚೆ, ಅಂದರೆ ರೇಡಿಯೋ ಕಡೆ ಇದೆ. ನಿಲ್ಲಲಿಲ್ಲವೇ? ಆಂಪ್ಲಿಫೈಯರ್ ಒಳಗೋ ಅದರ ಆಚೆಗೋ ಇದೆ. ಈ ಒಂದೇ ಪರೀಕ್ಷೆ ಅರ್ಧ ಠಾಣೆಯನ್ನು ಅನುಮಾನದಿಂದ ತೆಗೆದುಹಾಕುತ್ತದೆ. ಇನ್‌ಪುಟ್ ಸುಮ್ನೆ ಖಾಲಿ ಬಿಟ್ಟು ನೋಡಬೇಡಿ. ಖಾಲಿ ಇನ್‌ಪುಟ್ ತಾನೇ ಆಂಟೆನಾ ಥರ ಹಮ್ ಹಿಡಿಯುತ್ತದೆ, ನೀವು ದಾರಿ ತಪ್ಪುತ್ತೀರಿ.

ಪ್ಲಗ್ ಹಾಕಿದರೂ ಸದ್ದು ಇದೆ ಅಂದರೆ, ಆಂಪ್ಲಿಫೈಯರ್ ಆಫ್ ಮಾಡಿ, ಲೈನ್ ಬಿಚ್ಚಿ, ಒಂದೇ ಒಂದು ಒಳ್ಳೆಯ ಲೈನ್ ಸ್ಪೀಕರ್ ಅನ್ನು ಗಿಡ್ಡ ವೈರ್‌ನಲ್ಲಿ ಅಲ್ಲೇ ಹಾಕಿ ಮತ್ತೆ ಆನ್ ಮಾಡಿ. ಈಗಲೂ ಹಮ್ ಇದ್ದರೆ ಆಂಪ್ಲಿಫೈಯರ್‌ನದೇ ದೋಷ. ಹಳೆಯ ಸೆಟ್‌ಗಳಲ್ಲಿ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಬಿಸಿಗೆ ಒಣಗುತ್ತವೆ. ಗಾಳಿ ಆಡದ ಮೂಲೆಯಲ್ಲಿ, ಮೇಲೆ ಫೈಲ್‌ಗಳನ್ನು ಪೇರಿಸಿ ಇಟ್ಟ ಆಂಪ್ಲಿಫೈಯರ್‌ನ ಆಯುಸ್ಸು ಕಡಿಮೆ. ದಯವಿಟ್ಟು ಅದರ ಮೇಲೆ ಏನನ್ನೂ ಇಡಬೇಡಿ.

ರೇಡಿಯೋ ಕಡೆ ಅಂತ ಗೊತ್ತಾದರೆ, ರೇಡಿಯೋವನ್ನು ಅದರ ಪವರ್ ಸಪ್ಲೈಯಿಂದ ಬಿಡಿಸಿ 12 ವೋಲ್ಟ್ ಬ್ಯಾಟರಿಗೆ ಹಾಕಿ. ಪ್ಲಸ್ ಮೈನಸ್ ಸರಿ ನೋಡಿ, ಫ್ಯೂಸ್ ಇರುವ ವೈರ್‌ನಲ್ಲೇ ಹಾಕಿ. ಝ್ಝ್ ನಿಂತರೆ ಪವರ್ ಸಪ್ಲೈ ಕೆಟ್ಟಿದೆ, ಅಥವಾ ಲೂಪ್ ಅದರ ಅರ್ತ್ ಮೂಲಕ ಆಗುತ್ತಿದೆ. ಯಾವುದು ಅಂತ ತಿಳಿಯಲು ಸಪ್ಲೈನ 13.8 ವೋಲ್ಟ್ ಔಟ್‌ಪುಟ್ ಮೇಲೆ ಮೀಟರನ್ನು ಎಸಿ ಮೋಡ್‌ನಲ್ಲಿಟ್ಟು ನೋಡಿ. ಕೆಲವು ಅಗ್ಗದ ಮೀಟರ್‌ಗಳು ಡಿಸಿ ಜೊತೆಗಿದ್ದಾಗ ಎಸಿ ತಪ್ಪು ತೋರಿಸುತ್ತವೆ, ಹಾಗಾಗಿ ಒಂದು ಪ್ರೋಬ್‌ಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರೀಸ್‌ನಲ್ಲಿ ಸೇರಿಸಿಕೊಳ್ಳಿ. ಕೆಲವೇ ಮಿಲಿವೋಲ್ಟ್ ಇದ್ದರೆ ಸಪ್ಲೈ ಚೆನ್ನಾಗಿದೆ. ನೂರಾರು ಮಿಲಿವೋಲ್ಟ್ ಇದ್ದರೆ ಅದನ್ನು ತೆಗೆದು ಬೇರೆ ಹಾಕಿ.

ಅರ್ತ್ ಲೂಪ್, ಅಂದರೆ ಅರ್ಧಕ್ಕರ್ಧ ಕೇಸು

ನಾನು ನೋಡಿದ ಹಮ್‌ಗಳಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ. ರೇಡಿಯೋ ವಾಚ್ ರೂಮಿನ ಒಂದು ಸ್ವಿಚ್ ಬೋರ್ಡಿನಲ್ಲಿ ಇರುತ್ತದೆ. ಆಂಪ್ಲಿಫೈಯರ್ ಪಕ್ಕದ ಕೋಣೆಯ ಇನ್ನೊಂದು ಬೋರ್ಡಿನಲ್ಲಿ. ಎರಡಕ್ಕೂ ಅರ್ತ್ ಇದೆ, ಆದರೆ ಎರಡು ಅರ್ತ್‌ಗಳ ಮಧ್ಯೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದೆ. ಮಧ್ಯೆ ಒಂದು ಶೀಲ್ಡ್ ಕೇಬಲ್ ಹಾಕಿ ಎರಡೂ ತುದಿಯಲ್ಲಿ ಶೀಲ್ಡ್ ಸೇರಿಸಿದರೆ ಆ ವ್ಯತ್ಯಾಸ ಶೀಲ್ಡ್ ಮೂಲಕ ಹರಿಯಲು ಶುರು ಮಾಡುತ್ತದೆ. ಮೈಕ್ ಇನ್‌ಪುಟ್‌ಗೆ ಬೇಕಾಗಿರುವುದು ಕೆಲವು ಮಿಲಿವೋಲ್ಟ್ ಸಿಗ್ನಲ್. ಅಲ್ಲಿ ಇನ್ನೊಂದಿಷ್ಟು ಮಿಲಿವೋಲ್ಟ್ ಹಮ್ ಸೇರಿದರೆ ಅದೂ ಮಾತಿನಷ್ಟೇ ಜೋರಾಗಿ ಕೇಳುತ್ತದೆ.

ಜನ ಮರೆಯುವ ಮೂರನೇ ಅರ್ತ್ ಒಂದಿದೆ. ಆಂಟೆನಾ ಕಂಬ. ಸಿಡಿಲಿಗೆ ಅಂತ ಕಂಬಕ್ಕೆ ಬೇರೆ ಗುಂಡಿ ತೋಡಿ ಅರ್ತ್ ಮಾಡಿರುತ್ತಾರೆ, ಅದು ಕೇಬಲ್‌ನ ಹೊರಕವಚದ ಮೂಲಕ ರೇಡಿಯೋಗೂ ಬಂದಿರುತ್ತದೆ. ಪರೀಕ್ಷೆ ಸುಲಭ. ರೇಡಿಯೋ ಹಿಂದಿನ ಆಂಟೆನಾ ಕೇಬಲ್ ಒಂದು ಕ್ಷಣ ಬಿಚ್ಚಿ ನೋಡಿ. ಹಮ್ ಹೋದರೆ ಲೂಪ್ ಕಂಬದ ಕಡೆಯಿಂದ ಆಗಿದೆ. ಕೇಬಲ್ ಬಿಚ್ಚಿದಾಗ ಯಾರೂ ಮೈಕ್ ಬಟನ್ ಒತ್ತದ ಹಾಗೆ ನೋಡಿಕೊಳ್ಳಿ, ಟ್ರಾನ್ಸ್‌ಮಿಟರ್ ಹಾಳಾಗಬಹುದು. ಮೋಡ ಗುಡುಗುವಾಗ ಈ ಕೇಬಲ್ ಮುಟ್ಟಲೇಬೇಡಿ. ಏಪ್ರಿಲ್ ಮೇ ತಿಂಗಳ ಸಂಜೆಯ ಬೆಂಗಳೂರು ಮಳೆ ಹೇಗೆ ಸಿಡಿಲು ಹೊತ್ತು ಬರುತ್ತದೆ ಅಂತ ನಿಮಗೇ ಗೊತ್ತು.

ಸರಿ ಮಾಡುವುದು ಹೀಗೆ. ರೇಡಿಯೋ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡಿನಿಂದ ಕೊಡಿ, ಸಾಧ್ಯವಾದರೆ ಒಂದೇ ರ‍್ಯಾಕ್‌ನಲ್ಲಿಡಿ. ಎಷ್ಟೋ ಸಲ ಇಷ್ಟಕ್ಕೇ ಮುಗಿಯುತ್ತದೆ. ಇಲ್ಲದಿದ್ದರೆ ಆಡಿಯೋ ಲೈನ್ ಮಧ್ಯೆ 600ಕ್ಕೆ 600 ಓಮ್ ಟ್ರಾನ್ಸ್‌ಫಾರ್ಮರ್ ಹಾಕಿ. ಮಾತು ದಾಟುತ್ತದೆ, ಅರ್ತ್ ದಾಟುವುದಿಲ್ಲ. ಕೇಬಲ್ ಎರಡು ಎಳೆ ಹೆಣೆದ ಶೀಲ್ಡ್ ಕೇಬಲ್ ಆಗಿರಲಿ, ಶೀಲ್ಡ್ ಅನ್ನು ಆಂಪ್ಲಿಫೈಯರ್ ಕಡೆ ಮಾತ್ರ ಸೇರಿಸಿ, ಇನ್ನೊಂದು ತುದಿಯನ್ನು ಕತ್ತರಿಸಿ ಟೇಪ್ ಸುತ್ತಿ. ಕರೆಂಟ್ ವೈರ್ ಜೊತೆ ಒಂದೇ ಪೈಪಿನಲ್ಲಿ ಆಡಿಯೋ ಕೇಬಲ್ ಎಳೆಯಬೇಡಿ. ಒಂದಡಿ ದೂರ ಇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಪಕ್ಕಪಕ್ಕ ಓಡಿಸಬೇಡಿ.

ಇಲ್ಲಿ ಎಡವುವ ಒಂದು ಜಾಗ ಇದೆ, ಹುಷಾರು. ಗಾಡಿಯಲ್ಲಿ ಹಾಕುವ ಥರದ ಅನೇಕ ರೇಡಿಯೋಗಳ ಸ್ಪೀಕರ್ ಔಟ್‌ಪುಟ್‌ನ ಎರಡು ವೈರ್‌ಗಳಲ್ಲಿ ಯಾವುದೂ ಅರ್ತ್ ಅಲ್ಲ. ಎರಡರಲ್ಲೂ ಆಡಿಯೋ ಇರುತ್ತದೆ. ಒಂದನ್ನು ಶೀಲ್ಡ್‌ಗೆ ಸೇರಿಸಿದರೆ ಒಳಗಿನ ಆಡಿಯೋ ಐಸಿ ಸುಟ್ಟು ಹೋಗುತ್ತದೆ. ಅಂಥ ಕಡೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಂದೆ ಹೋಗಬೇಡಿ. ರೇಡಿಯೋ ಹಿಂದಿನ ಕನೆಕ್ಟರ್‌ನಲ್ಲಿ ಲೈನ್ ಔಟ್ ಇದ್ದರೆ ಅದನ್ನೇ ಬಳಸಿ. ಅದು ರೇಡಿಯೋ ಮುಂದಿನ ವಾಲ್ಯೂಮ್ ತಿರುಗಿಸಿದರೂ ಬದಲಾಗದ ಪಿನ್ ಆಗಿದ್ದರೆ ಇನ್ನೂ ಒಳ್ಳೆಯದು. ಯಾರೋ ರೇಡಿಯೋ ವಾಲ್ಯೂಮ್ ಇಳಿಸಿದರೂ ಕೋಣೆಯ ಸ್ಪೀಕರ್ ಇಳಿಯುವುದಿಲ್ಲ.

ಅರ್ತ್ ಗುಂಡಿಯನ್ನೂ ಒಮ್ಮೆ ನೋಡಿ ಬನ್ನಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ತ್ ರೆಸಿಸ್ಟೆನ್ಸ್ ಏರುತ್ತದೆ. ನಮ್ಮಲ್ಲಿ ಕೆಲವು ಕಡೆ ಕೆಲವೇ ಅಡಿ ಕೆಳಗೆ ಬಂಡೆ. ಗುಂಡಿಗೆ ನೀರು ಹಾಕುವ ಹಳೆಯ ರೂಢಿ ಇದೆಯಲ್ಲ, ಅದನ್ನು ಬಿಡಬೇಡಿ. ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಮಧ್ಯೆ ಅಳೆದು ನೋಡಿ. ಒಂದೆರಡು ವೋಲ್ಟ್ ಪರವಾಗಿಲ್ಲ. ಐದಕ್ಕಿಂತ ಮೇಲಿದ್ದರೆ ಆಡಿಯೋ ಬಿಟ್ಟು ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಕಂಬದ ಗುಂಡಿ ಮತ್ತು ಕಟ್ಟಡದ ಗುಂಡಿ ಎರಡನ್ನೂ ದಪ್ಪ ಪಟ್ಟಿಯಿಂದ ಸೇರಿಸುವ ಕೆಲಸವನ್ನೂ ಅವರಿಂದಲೇ ಮಾಡಿಸಿ.

ಸಂಜೆ ಆರೂವರೆಗೆ ಬರುವ ಸದ್ದು

ಟವೆಲ್ ಸುತ್ತಿದ್ದ ಠಾಣೆಗೆ ವಾಪಸ್ ಬರೋಣ. ನಾನು ಎರಡು ಸಲ ಹಗಲು ಹೋಗಿದ್ದೆ. ಏನೂ ಇಲ್ಲ, ಸ್ಪೀಕರ್ ತಣ್ಣಗೆ. ಹಮ್ ಸ್ವಲ್ಪ ಇತ್ತು, ಅದನ್ನು ಟ್ರಾನ್ಸ್‌ಫಾರ್ಮರ್ ಹಾಕಿ ತೆಗೆದೆ. 'ಸರ್, ರಾತ್ರಿ ಬನ್ನಿ' ಅಂದರು. ಮೂರನೇ ಸಲ ಸಂಜೆ ಹೋಗಿ ಕೂತೆ. ಕತ್ತಲಾಗುತ್ತಿದ್ದ ಹಾಗೆ, ಆರೂವರೆ ಸುಮಾರಿಗೆ, ಸ್ಪೀಕರ್ 'ಸ್ಸ್' ಅಂತ ತೆರೆದುಕೊಂಡಿತು. ಒಂದೆರಡು ಸೆಕೆಂಡ್, ಮತ್ತೆ ಮುಚ್ಚಿತು. ಮತ್ತೆ ತೆರೆಯಿತು. ಅಂಗಳಕ್ಕೆ ಬಂದು ನೋಡಿದರೆ ಎಲ್‌ಇಡಿ ಫ್ಲಡ್ ಲೈಟ್ ಆಗಷ್ಟೇ ಹತ್ತಿದೆ. ಆ ಲೈಟನ್ನು ಕಟ್ಟಿರುವುದು ಆಂಟೆನಾ ಕಂಬಕ್ಕೇ.

ಆಗಿದ್ದು ಇಷ್ಟು. ಎಫ್‌ಎಂ ರೇಡಿಯೋಗೆ ಸಿಗ್ನಲ್ ಇಲ್ಲದಾಗ ಬರುವುದು ಬರೀ ಸುಯ್ಲು. ಅದನ್ನು ಮುಚ್ಚಿಡುವ ಬಾಗಿಲೇ ಸ್ಕ್ವೆಲ್ಚ್. ಎಲ್‌ಇಡಿ ಲೈಟ್ ಒಳಗಿನ ಡ್ರೈವರ್ ಒಂದು ಸಣ್ಣ ಸ್ವಿಚಿಂಗ್ ಪವರ್ ಸಪ್ಲೈ. ಕಳಪೆ ಡ್ರೈವರ್‌ಗಳಿಂದ ವಿಎಚ್‌ಎಫ್‌ವರೆಗೂ ಕಸ ಸೋರುತ್ತದೆ. ಆ ಕಸಕ್ಕೆ ರೇಡಿಯೋದ ಬಾಗಿಲು ತೆರೆದು ತೆರೆದು ಮುಚ್ಚುತ್ತಿತ್ತು.

ನನಗೆ ಭಯ ಆಗಿದ್ದು ಅದಕ್ಕಲ್ಲ. ರೇಡಿಯೋ ನೋಡಿದರೆ ಸ್ಕ್ವೆಲ್ಚ್ ಆಗಲೇ ಬಹಳ ಬಿಗಿ ಇತ್ತು. ಸದ್ದು ತಡೆಯಲು ಯಾರೋ ಏರಿಸಿದ್ದರು, ಆದರೂ ಸದ್ದು ಪೂರ್ತಿ ನಿಂತಿರಲಿಲ್ಲ. ಸ್ಕ್ವೆಲ್ಚ್ ಅಷ್ಟು ಬಿಗಿಯಾದರೆ ದೂರದ, ಕ್ಷೀಣ ಸಿಗ್ನಲ್‌ಗೆ ಬಾಗಿಲು ತೆರೆಯುವುದೇ ಇಲ್ಲ. ಬೆಂಕಿಯ ಜಾಗದಿಂದ ವಾಕಿಟಾಕಿಯಲ್ಲಿ 'ಇನ್ನೊಂದು ಗಾಡಿ ಕಳಿಸಿ' ಅಂತ ಯಾರಾದರೂ ಕೂಗಿದರೆ ಠಾಣೆಯಲ್ಲಿ ಮೌನ. ಲೈಟ್ ಕಸ ಸುರಿಸುತ್ತಿದ್ದರೆ ಸ್ಕ್ವೆಲ್ಚ್ ಸರಿ ಇದ್ದರೂ ಕ್ಷೀಣ ಸಿಗ್ನಲ್ ಕಸದಲ್ಲಿ ಮುಳುಗುತ್ತದೆ. ಅಂದರೆ ಕತ್ತಲಾದ ಮೇಲೆ ಆ ಠಾಣೆಗೆ ಅರ್ಧ ಕಿವುಡು.

ಇಂಥ ಕಸದ ಮೂಲ ಹುಡುಕಲು ರೇಡಿಯೋವನ್ನು ಬ್ಯಾಟರಿಗೆ ಹಾಕಿ, ಸ್ಕ್ವೆಲ್ಚ್ ಅನ್ನು ಸುಯ್ಲು ಆಗಷ್ಟೇ ನಿಲ್ಲುವ ಜಾಗಕ್ಕೆ ತನ್ನಿ. ಆಮೇಲೆ ಮುಖ್ಯ ಬೋರ್ಡಿನ ಎಂಸಿಬಿಗಳನ್ನು (ಒಂದೊಂದು ಸಾಲಿನ ಕರೆಂಟ್ ಕಡಿಯುವ ಸ್ವಿಚ್‌ಗಳನ್ನು) ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ. ಯಾವುದನ್ನು ಇಳಿಸಿದಾಗ ರೇಡಿಯೋ ಶಾಂತ ಆಗುತ್ತದೋ ಆ ಸಾಲಿನಲ್ಲೇ ಕಳ್ಳ ಇದ್ದಾನೆ. ನಂತರ ಆ ಸಾಲಿನ ಲೈಟ್, ಚಾರ್ಜರ್, ಯುಪಿಎಸ್, ಸಿಸಿಟಿವಿ ಅಡಾಪ್ಟರ್ ಒಂದೊಂದೇ ತೆಗೆಯಿರಿ. ಎಲ್ಲಾ ಎಂಸಿಬಿ ಇಳಿಸಿದರೂ ಹೋಗದಿದ್ದರೆ ಅದು ಅಕ್ಕಪಕ್ಕದ ಕಟ್ಟಡದ್ದು. ಆ ಠಾಣೆಯಲ್ಲಿ ಲೈಟನ್ನು ಕಂಬದಿಂದ ತೆಗೆದು, ಒಳ್ಳೆಯ ಡ್ರೈವರ್ ಇರುವುದನ್ನು ಕಟ್ಟಡದ ಇನ್ನೊಂದು ಮೂಲೆಗೆ ಹಾಕಿಸಿ, ವೈರ್‌ಗೆ ಎರಡು ಫೆರೈಟ್ ಕ್ಲಿಪ್ ಮಾಡಿದೆವು. ಸ್ಕ್ವೆಲ್ಚ್ ವಾಪಸ್ ಇಳಿಸಿದೆ. ಟವೆಲ್ ತೆಗೆದದ್ದು ಮಾತ್ರ ಅಲ್ಲಿನ ಸಿಬ್ಬಂದಿಯೇ, ನಾನು ಹೇಳುವ ಮೊದಲೇ.

'ಟೋನ್ ಸ್ಕ್ವೆಲ್ಚ್ ಹಾಕಿಬಿಡಿ, ಎಲ್ಲಾ ಹೋಗುತ್ತೆ' ಅಂತ ಬಹಳ ಜನ ಹೇಳುತ್ತಾರೆ. ಸಿಟಿಸಿಎಸ್‌ಎಸ್ ಅಂದರೆ ಮಾತಿನ ಜೊತೆ ಕೆಳಗೆ ಓಡುವ ಒಂದು ಸಣ್ಣ ಟೋನ್, 67.0ರಿಂದ 254.1 ಹರ್ಟ್ಸ್ ನಡುವೆ. ಅದು ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಳ್ಳೆಯ ವ್ಯವಸ್ಥೆ, ಬೇರೆಯವರ ಮಾತು ನುಗ್ಗುವುದನ್ನೂ ತಡೆಯುತ್ತದೆ. ಆದರೆ ಆ ಕಡೆಯಿಂದ ಟೋನ್ ಕಳಿಸುತ್ತಿಲ್ಲ, ನೀವು ಮಾತ್ರ ಈ ಕಡೆ ಹಾಕಿದರೆ ಠಾಣೆಗೆ ಒಂದು ಕರೆಯೂ ಕೇಳಿಸುವುದಿಲ್ಲ. ಇದು ಠಾಣೆಯಲ್ಲಿ ಕೂತು ತೀರ್ಮಾನ ಮಾಡುವ ವಿಷಯ ಅಲ್ಲ. ವೈರ್‌ಲೆಸ್ ಜಾಲ ನೋಡಿಕೊಳ್ಳುವವರು ಎಲ್ಲ ಸೆಟ್‌ಗಳಿಗೂ ಒಟ್ಟಿಗೆ ಮಾಡಬೇಕು. ಜೊತೆಗೆ, ಟೋನ್ ಹಾಕಿದರೂ ಕಸ ಕಸವೇ. ಬಾಗಿಲು ಮುಚ್ಚಿರುತ್ತದೆ, ಕಿವುಡು ಹೋಗುವುದಿಲ್ಲ. ಮೂಲ ಹುಡುಕಿದ ಮೇಲೆ ಟೋನ್.

ಇನ್ನೊಂದು ಸೂಕ್ಷ್ಮ. ಯಾರಾದರೂ ಮಾತಾಡುವಾಗ ಮಾತ್ರ ಕೆಳಗೆ ಗುಂಯ್ ಅಂತಿದೆ, ಮಾತು ನಿಂತಾಗ ಇಲ್ಲ ಅಂದರೆ, ನೀವು ಕೇಳುತ್ತಿರುವುದು ಆ ಟೋನನ್ನೇ ಇರಬಹುದು. ರೇಡಿಯೋ ತನ್ನ ಸ್ಪೀಕರ್‌ಗೆ ಕೊಡುವ ಆಡಿಯೋದಲ್ಲಿ ಸುಮಾರು 300 ಹರ್ಟ್ಸ್ ಕೆಳಗಿನದನ್ನು ಸೋಸಿ ತೆಗೆಯುತ್ತದೆ. ಡೇಟಾಗೆ ಅಂತ ಇರುವ ಪಿನ್‌ನಿಂದ ಆಡಿಯೋ ಎಳೆದರೆ ಸೋಸದೆ ಬರುತ್ತದೆ, ಗುಂಯ್ ಜೊತೆಗೆ ಚೂಪು ಸುಯ್ಲೂ ಬರುತ್ತದೆ. ಪಿನ್ ಬದಲಾಯಿಸಿ, ಅಷ್ಟೇ. ಟೋನ್ 100.0 ಹರ್ಟ್ಸ್ ಆಗಿದ್ದರೆ ನಮ್ಮ ಕರೆಂಟಿನ 100 ಹರ್ಟ್ಸ್ ಝ್ಝ್ ಯಾವುದು, ಟೋನ್ ಯಾವುದು ಅಂತ ಆ್ಯಪ್ ನೋಡಿದರೂ ಗೊಂದಲ ಆಗುತ್ತದೆ. ಮಾತು ನಿಂತಾಗಲೂ ಇದ್ದರೆ ಕರೆಂಟು, ಮಾತಿನ ಜೊತೆಗೇ ಹೋದರೆ ಟೋನ್.

ಮೊಬೈಲ್, ವಾಕಿಟಾಕಿ, ಠಾಣೆಯದೇ ರೇಡಿಯೋ

ಟಿಕಿಟಿಕ್ ಸದ್ದು 2ಜಿ ಮೊಬೈಲ್‌ನದು. ಅದು ಸೆಕೆಂಡಿಗೆ ಸುಮಾರು 217 ಸಲ ಮಿಡಿಯುತ್ತದೆ, ಆ್ಯಪ್‌ನಲ್ಲಿ 217ರಲ್ಲಿ ಗೆರೆ ಏಳುತ್ತದೆ. ಆಂಪ್ಲಿಫೈಯರ್ ಮೇಲೆ ಫೋನ್ ಚಾರ್ಜ್‌ಗೆ ಇಡುವ ಅಭ್ಯಾಸ ಬಿಡಿಸಿ. ಡಿಎಂಆರ್ (ಒಂದು ಬಗೆಯ ಡಿಜಿಟಲ್) ವಾಕಿಟಾಕಿ ಪಕ್ಕದಲ್ಲಿ ಮಾತಾಡಿದರೆ ಸದ್ದು ಬೇರೆ, ಆಟೋ ಇಂಜಿನ್ ಥರ 'ಪಟಪಟ'. ಅದು 60 ಮಿಲಿಸೆಕೆಂಡಿಗೆ ಒಮ್ಮೆ 30 ಮಿಲಿಸೆಕೆಂಡ್ ಮಿಡಿಯುತ್ತದೆ, ಸೆಕೆಂಡಿಗೆ ಸುಮಾರು 17 ಸಲ.

ಠಾಣೆಯ ರೇಡಿಯೋ ಮೈಕ್ ಒತ್ತಿದಾಗಲೇ ಸ್ಪೀಕರ್ ಕಿರುಚಿದರೆ, ಆಂಟೆನಾ ಬದಲು 50 ಓಮ್ ಡಮ್ಮಿ ಲೋಡ್ (ಶಕ್ತಿಯನ್ನು ಹೊರಗೆ ಬಿಡದೆ ನುಂಗುವ ರೆಸಿಸ್ಟರ್) ಹಾಕಿ ಒತ್ತಿ ನೋಡಿ. ಕಿರುಚಾಟ ನಿಂತರೆ ಆಂಟೆನಾದಿಂದ ಹೊರಟ ಶಕ್ತಿ ಸ್ಪೀಕರ್ ವೈರ್ ಹಿಡಿದು ವಾಪಸ್ ಬರುತ್ತಿದೆ. ಕೇಬಲ್ ಕನೆಕ್ಟರ್ ಸಡಿಲ ಇದೆಯಾ ನೋಡಿ, ಆಂಪ್ಲಿಫೈಯರ್‌ಗೆ ಹೋಗುವ ಎಲ್ಲ ವೈರ್‌ಗೂ ಫೆರೈಟ್ ಹಾಕಿ, ಇನ್‌ಪುಟ್‌ನಲ್ಲೇ 1 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಅಡ್ಡ ಹಾಕಿ. ಸಾಲದಿದ್ದರೆ ಆಂಟೆನಾ ದೂರ ಹೋಗಬೇಕು. ಸ್ಪೀಕರ್‌ನಲ್ಲಿ ಸಣ್ಣಗೆ 612 ಕಿಲೋಹರ್ಟ್ಸ್‌ನ ಆಕಾಶವಾಣಿ ಕೇಳಿಸಿದರೂ ಇದೇ ಮದ್ದು. ಯಾವುದೋ ತುಕ್ಕು ಹಿಡಿದ ಜಾಯಿಂಟ್ ಡಯೋಡ್ ಥರ ವರ್ತಿಸುತ್ತಿರಬಹುದು, ಅದನ್ನೂ ಹುಡುಕಿ.

ಲೆವೆಲ್

ಬರೀ ಸುಯ್ಲು, ಹಮ್ ಇಲ್ಲ, ಸ್ಕ್ವೆಲ್ಚ್ ಮುಚ್ಚಿದ್ದರೂ ಇದೆ ಅಂದರೆ ರೇಡಿಯೋ ತೀರಾ ಮೆಲ್ಲಗೆ ಕೊಡುತ್ತಿದೆ, ಆಂಪ್ಲಿಫೈಯರ್ ತೀರಾ ಜೋರಾಗಿ ಎಳೆಯುತ್ತಿದೆ. ರೇಡಿಯೋ ಕಡೆ ಏರಿಸಿ, ಆಂಪ್ಲಿಫೈಯರ್ ಕಡೆ ಇಳಿಸಿ. ಒಟ್ಟು ಜೋರು ಅಷ್ಟೇ ಇರುತ್ತದೆ, ಸುಯ್ಲು ಮಾತ್ರ ಹೋಗುತ್ತದೆ. ರೇಡಿಯೋ ಔಟ್‌ಪುಟ್ ಅನ್ನು ಮೈಕ್ ಸಾಕೆಟ್‌ಗೆ ಹಾಕಬೇಡಿ, ಆಕ್ಸ್ ಅಥವಾ ಲೈನ್ ಸಾಕೆಟ್‌ಗೆ ಹಾಕಿ. ಸ್ಪೀಕರ್ ಔಟ್‌ಪುಟ್‌ನಿಂದಲೇ ತೆಗೆಯಬೇಕಾದರೆ ಟ್ರಾನ್ಸ್‌ಫಾರ್ಮರ್ ಆದ ಮೇಲೆ 10 ಕಿಲೋ ಓಮ್ ಸೀರೀಸ್, 1 ಕಿಲೋ ಓಮ್ ಅಡ್ಡ ಹಾಕಿ. ಸಿಗ್ನಲ್ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಳಸದ ಮೈಕ್ ಇನ್‌ಪುಟ್‌ಗಳ ವಾಲ್ಯೂಮ್ ಸೊನ್ನೆಗೆ ತನ್ನಿ. ಖಾಲಿ ಸಾಕೆಟ್‌ನ ತೆರೆದ ವಾಲ್ಯೂಮ್‌ನಿಂದ ಬರುವ ಹಮ್ ಎಷ್ಟು ಜನರ ದಿನ ತಿಂದಿದೆಯೋ.

100 ವೋಲ್ಟ್ ಲೈನ್ ಮತ್ತು ಮಳೆ

ಪ್ರತಿ ಸ್ಪೀಕರ್‌ನ ಟ್ರಾನ್ಸ್‌ಫಾರ್ಮರ್ ಎಷ್ಟು ವಾಟ್‌ಗೆ ಹಾಕಿದೆ ನೋಡಿ, ಎಲ್ಲಾ ಕೂಡಿ. ಆಂಪ್ಲಿಫೈಯರ್ ಶಕ್ತಿಯ ಶೇ. 80 ದಾಟಬಾರದು. 120 ವಾಟ್ ಆಂಪ್ಲಿಫೈಯರ್‌ಗೆ 10 ವಾಟ್‌ನ 8 ಸ್ಪೀಕರ್ ಅಂದರೆ 80, ಆರಾಮ. ಆಮೇಲೆ ಯಾರೋ ಅಂಗಳಕ್ಕೆ 15 ವಾಟ್‌ನ 4 ಹಾರ್ನ್ ಸೇರಿಸಿದರೆ 140, ಮಾತು ಒಡೆಯಲು ಶುರು. ಸಾಮಾನ್ಯ 8 ಓಮ್ ಸ್ಪೀಕರ್ ಒಂದನ್ನು ಟ್ರಾನ್ಸ್‌ಫಾರ್ಮರ್ ಇಲ್ಲದೆ ಈ ಲೈನ್‌ಗೆ ಸಿಕ್ಕಿಸಿದರೂ ಇಡೀ ಲೈನ್ ಕುಸಿಯುತ್ತದೆ.

ಮಳೆ ಬಂದಾಗ ಮಾತ್ರ ಚರಚರ ಅಂದರೆ ಹೊರಗಿನ ಜಾಯಿಂಟ್ ನೋಡಿ. ಆಂಪ್ಲಿಫೈಯರ್ ಬಿಚ್ಚಿ, ಲೈನ್‌ನ ಒಂದೊಂದು ವೈರ್ ಮತ್ತು ಅರ್ತ್ ಮಧ್ಯೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ. ಕೆಲವು ಮೆಗಾಓಮ್ ಆದರೂ ಬರಬೇಕು. ಕಡಿಮೆ ಬಂದರೆ ಲೈನನ್ನು ಅರ್ಧಕ್ಕೆ ಬಿಚ್ಚಿ ಮತ್ತೆ ಅಳೆಯಿರಿ, ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಕೆಟ್ಟ ಜಾಯಿಂಟ್ ಬೇಗ ಸಿಗುತ್ತದೆ. ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲ ತಡೆಯುತ್ತದೆ, ಎರಡನೆಯದಕ್ಕೆ ಇಲ್ಲ. ಬೆಸುಗೆ ಹಾಕಿ, ನೀರು ಹೋಗದ ಡಬ್ಬಿಯಲ್ಲಿಡಿ. ಹಾರ್ನ್ ಬಾಯಿ ಸ್ವಲ್ಪ ಕೆಳಗೆ ವಾಲಿರಲಿ, ನೀರು ನಿಲ್ಲಬಾರದು. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿ ದನಿ ಮಂಕಾಗಿರುವುದನ್ನೂ ನೋಡಿದ್ದೇನೆ. ಟಾರ್ಚ್ ಹಾಕಿ ನೋಡಿ, ಕೈ ಹಾಕಬೇಡಿ.

ಕೋಣೆಯ ಗೋಡೆಯಲ್ಲಿ ವಾಲ್ಯೂಮ್ ಗುಂಡಿ ಇದ್ದರೆ ಅದರ ಒಳಗಿನ ಟ್ರ್ಯಾಕ್ ಸವೆದು ಚರಚರ ಅನ್ನುತ್ತದೆ. ಅದನ್ನು ಬದಲಾಯಿಸುವಾಗ ಓವರ್‌ರೈಡ್ ರಿಲೇ ಇರುವಂಥದ್ದನ್ನೇ ಹಾಕಿ. ಸಾಮಾನ್ಯ ಮಾತುಕತೆ ಮೆಲ್ಲಗೆ ಕೇಳುತ್ತದೆ, ಕರೆ ಬಂದಾಗ ಆ ರಿಲೇ ಗುಂಡಿಯನ್ನು ದಾಟಿಸಿ ಪೂರ್ತಿ ಜೋರು ಕೊಡುತ್ತದೆ. ಮಲಗುವವರಿಗೆ ಕೊಡಬಹುದಾದ ಅತಿ ಒಳ್ಳೆಯ ಸೌಲಭ್ಯ ಇದು.

ಢಬ್ ಸದ್ದಿಗೆ ರಿಲೇ ಕಾಯಿಲ್ ಅಡ್ಡ ಒಂದು 1ಎನ್4007 ಡಯೋಡ್ ಉಲ್ಟಾ ಹಾಕಿ, ಗೆರೆ ಇರುವ ಕಡೆ ಪ್ಲಸ್‌ಗೆ. ಕಾಂಟ್ಯಾಕ್ಟ್ ಕಪ್ಪಾಗಿದ್ದರೆ ರಿಲೇಯನ್ನೇ ಬದಲಾಯಿಸಿ. ಸ್ಪೀಕರ್ ಲೈನ್ ಕತ್ತರಿಸುವ ರಿಲೇಗಿಂತ ಆಂಪ್ಲಿಫೈಯರ್‌ನ ಮ್ಯೂಟ್ ಪಿನ್ ಇದ್ದರೆ ಅದನ್ನು ಬಳಸುವುದು ಮೇಲು.

ಕೆಲಸ ಮುಗಿದ ಮೇಲೆ

ಕಂಟ್ರೋಲ್ ರೂಮಿಗೆ ಹೇಳಿ ಒಂದು ಪರೀಕ್ಷಾ ಕರೆ ಮಾಡಿಸಿ. ಗಾಡಿಯ ಇಂಜಿನ್ ಆನ್ ಇರಲಿ, ಬಚ್ಚಲ ಮನೆಯಲ್ಲಿ ನಲ್ಲಿ ಬಿಟ್ಟಿರಲಿ, ಅಡುಗೆ ಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರಲಿ. ಒಬ್ಬೊಬ್ಬರು ಒಂದೊಂದು ಕಡೆ ನಿಂತು, ಬರೀ ಸದ್ದು ಕೇಳಿಸಿತಾ ಅಂತಲ್ಲ, ವಿಳಾಸ ಏನು ಹೇಳಿದರು ಅಂತ ಬರೆದುಕೊಳ್ಳಲಿ. ಎಲ್ಲರ ಚೀಟಿಯಲ್ಲೂ ಒಂದೇ ವಿಳಾಸ ಇದ್ದರೆ ಲೆವೆಲ್ ಸರಿ ಇದೆ. ಕತ್ತಲಾದ ಮೇಲೆ ಲೈಟ್ ಎಲ್ಲಾ ಹತ್ತಿದಾಗ ಇನ್ನೊಮ್ಮೆ ಮಾಡಿಸಿ.

ಆಮೇಲೆ ಪ್ರತಿ ಗುಂಡಿಯ ಮೇಲೆ ಸರಿಯಾದ ಜಾಗಕ್ಕೆ ಬಿಳಿ ಪೇಂಟ್‌ನಲ್ಲಿ ಒಂದು ಚುಕ್ಕೆ ಇಡಿ. ಯಾವ ವೈರ್ ಎಲ್ಲಿಗೆ, ಯಾವ ಸ್ಪೀಕರ್ ಎಷ್ಟು ವಾಟ್, ಸ್ಕ್ವೆಲ್ಚ್ ಎಷ್ಟರಲ್ಲಿ, ತಾರೀಖು ಯಾವುದು ಅಂತ ಒಂದು ಹಾಳೆಯಲ್ಲಿ ಬರೆದು ರ‍್ಯಾಕ್ ಬಾಗಿಲ ಒಳಗೆ ಅಂಟಿಸಿ. ಮುಂದಿನ ಸಲ ಸದ್ದು ಬಂದು ಯಾರದೋ ಕೈ ವಾಲ್ಯೂಮ್ ಕಡೆ ಹೋದರೆ, ಆ ಚುಕ್ಕೆ ನೋಡಿ ವಾಪಸ್ ಎಲ್ಲಿಗೆ ತರಬೇಕು ಅಂತ ಗೊತ್ತಾಗುತ್ತದೆ.